ಮೋರ್ಯರ ಗುಡ್ಡಕ್ಕೆ ಹೊರಡುವ ಮುನ್ನ

ಪ್ರಿಯ ಪೋಷಕರೇ,

ಬರುವ ಶನಿವಾರ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡಕ್ಕೆ, ಅಂದರೆ ಮೋರ್ಯರ ಗುಡ್ಡಕ್ಕೆ, ಕರೆದೊಯ್ಯುತ್ತಿದ್ದೇವೆ. ಹಂಪಿ ಇಷ್ಟು ಹತ್ತಿರವಿರುವಾಗ ಆ ಕಲ್ಲುಬಂಡೆಗಳನ್ನು ನೋಡುವುದೇನಿದೆ ಎಂದು ಕೆಲವರು ಕೇಳಿದಿರಿ. ಹಂಪಿ ತಲೆಯೆತ್ತುವುದಕ್ಕೆ ಒಂದೂವರೆ ಸಾವಿರ ವರ್ಷಕ್ಕೂ ಮೊದಲೇ, ಕಬ್ಬಿಣದ ಬಳಕೆ ಬಲ್ಲ ಜನ ಆ ಗುಡ್ಡದ ಮೇಲೆ ತಮ್ಮ ಸತ್ತವರಿಗಾಗಿ ಕಲ್ಲಿನ ಮನೆಗಳನ್ನು ನಿಲ್ಲಿಸಿದರು. ಅಂಥ ಸುಮಾರು 400 ರಚನೆಗಳು ಅಲ್ಲಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. 2021ರಲ್ಲಿ ಈ ನೆಲೆ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು.

ದಾರಿ ನೋಡಿಬರಲು ಹೋದ ತಿಂಗಳು ನಾನೂ ಗುಡ್ಡ ಹತ್ತಿದ್ದೆ. ಟನ್ನುಗಟ್ಟಲೆ ತೂಗುವ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದನ್ನು ಹೊದಿಸಿದ್ದಾರೆ. ಒಂದು ಚಪ್ಪಡಿಯಲ್ಲಿ ಮಾತ್ರ ದುಂಡನೆಯ ರಂಧ್ರ. ಸತ್ತವರ ಆತ್ಮ ಹೋಗಿಬರಲೆಂದು ಎನ್ನುವವರಿದ್ದಾರೆ, ಎಲುಬುಗಳನ್ನು ಒಳಗಿಡಲು ಎನ್ನುವವರೂ ಇದ್ದಾರೆ. ಅದರ ಅಂಚನ್ನು ಎಷ್ಟು ನಯವಾಗಿ ತೀಡಿದ್ದಾರೆಂದರೆ, ಅದರ ಮುಂದೆ ಕುಳಿತವಳಿಗೆ ಏಳಲು ಮನಸ್ಸಾಗಲಿಲ್ಲ. ಎತ್ತರದ ಗುಂಡಿನ ಮೇಲೆ ಕಲ್ಲಿನ ನಗಾರಿಯೂ ಇದೆ. ಅದನ್ನು ಬಡಿದರೆ ಸದ್ದು ಬಹುದೂರ ಕೇಳುತ್ತದೆ. ಮಕ್ಕಳು ಅದನ್ನು ನೋಡುತ್ತಾರೆ, ಬಡಿಯುವುದಿಲ್ಲ.

ಅದೇ ಗುಡ್ಡದಲ್ಲಿ ನಿಧಿಯ ಆಸೆಗೆ ಅಗೆದ ಗುಂಡಿಯನ್ನೂ ಕಂಡೆ. ಪಕ್ಕದಲ್ಲೇ ಒಂದು ಚಪ್ಪಡಿ ಮುರಿದು ಬಿದ್ದಿತ್ತು. ಹೊಟ್ಟೆಯಲ್ಲಿ ಸಂಕಟವಾಯಿತು. ಇಂಥ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ಎಲುಬು, ತುಕ್ಕು ಹಿಡಿದ ಕಬ್ಬಿಣ; ಕೊಪ್ಪರಿಗೆ ಹೊನ್ನಲ್ಲ. ದಯವಿಟ್ಟು ಮನೆಯಲ್ಲಿ ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಒಂದು ಮಡಕೆಚೂರು ಜೇಬಿಗಿಳಿದರೂ ಅದು ಎಲ್ಲಿ, ಯಾವುದರ ಜೊತೆಗಿತ್ತೆಂಬ ಸುಳಿವು ಅಳಿಸಿಹೋಗುತ್ತದೆ. ಬರವಣಿಗೆ ಬಿಟ್ಟುಹೋಗದ ಆ ಜನರನ್ನು ಅರಿಯಲು ನಮಗಿರುವುದು ಅಂಥ ಸುಳಿವುಗಳೇ.

ಇನ್ನೊಂದು ಕೋರಿಕೆ. ಇವು ಕುಳ್ಳರಾದ ಮೋರ್ಯರು ಕಟ್ಟಿಕೊಂಡ ಮನೆಗಳೆಂದು ಈ ಭಾಗದ ಹಿರಿಯರು ಹೇಳುತ್ತಾರೆ. ನಿಮ್ಮ ಮನೆಯ ಅಜ್ಜ, ಅಜ್ಜಿಗೆ ಆ ಕಥೆ ಗೊತ್ತಿದ್ದರೆ, ಶುಕ್ರವಾರ ರಾತ್ರಿ ಮಕ್ಕಳನ್ನು ಅವರ ಬಳಿ ಕೂರಿಸಿ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದು ತರಲಿ.

ಗುಡ್ಡದ ಮೇಲೆ ನೆರಳು ಕಡಿಮೆ. ಎರಡು ಲೀಟರ್ ನೀರು, ಟೋಪಿ, ಬುತ್ತಿ ಇರಲಿ. ಚಪ್ಪಲಿ ಬೇಡ, ಬೂಟು ಹಾಕಿಸಿ. ಬಸ್ ಬೆಳಿಗ್ಗೆ 6 ಗಂಟೆಗೆ ಶಾಲೆಯಿಂದ ಹೊರಡುತ್ತದೆ. ಒಪ್ಪಿಗೆ ಪತ್ರ ಬುಧವಾರದೊಳಗೆ ತಲುಪಲಿ. ಜೊತೆಗೆ ಬರಲು ಇಚ್ಛಿಸುವ ಪೋಷಕರಿಗೆ ನಾಲ್ಕು ಸೀಟು ಇಟ್ಟಿದ್ದೇವೆ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ