ತಳ ಅಲ್ಲಾಡಲಿ ಬಿಡು, ಮಗಳೇ

ಪುಟ್ಟೀ,

ನಿನ್ನೆ ಫೋನಲ್ಲಿ "ಅಪ್ಪಾ, ನೀನು ಮಾಡಿಕೊಟ್ಟ ಮರದ ಡಬ್ಬಿ ತಳ ಗಟಗಟ ಅನ್ನುತ್ತೆ, ಅಂಟು ಬಿಟ್ಟಿರಬೇಕು, ಫೆವಿಕಾಲ್ ಹಾಕಲಾ?" ಅಂದೆಯಲ್ಲ, ಮಷಿನ್ ಸದ್ದಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಹಾಕಬೇಡ ಮಾರಾಯ್ತಿ. ಅಂಟು ಬಿಟ್ಟಿಲ್ಲ. ತಳಕ್ಕೆ ನಾನು ಅಂಟು ಹಾಕೇ ಇಲ್ಲ.

ಬಳ್ಳಾರಿ ಅತ್ತೆಯ ಡಬ್ಬಿ ನೆನಪಿದೆಯಾ? ನಾನು ಮಾಡಿದ ಮೊದಲನೇದು. ಮಳೆಗಾಲದಲ್ಲಿ ಮಾಡಿದ್ದು, ಬೀಟೆಯ ತಳ, ನಾಲ್ಕೂ ಕಡೆ ಅಂಟು ಮೆತ್ತಿ ಇನ್ನು ನೂರು ವರ್ಷ ಅಲ್ಲಾಡಲ್ಲ ಅಂತ ಬೀಗಿದ್ದೆ. ಬೇಸಿಗೆ ಬಂತು. ಒಂದು ಮಧ್ಯಾಹ್ನ ಅಲಮಾರಿಯೊಳಗೆ ಟಪ್ ಅಂತ ಸದ್ದು, ಅತ್ತೆ ಹಲ್ಲಿ ಬಿತ್ತು ಅಂದುಕೊಂಡಳಂತೆ. ನೋಡಿದರೆ ತಳ ಉದ್ದಕ್ಕೂ ಸೀಳಿದೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಕುಡಿದು ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಮರದ ಎಳೆಯ (ನಾರಿನ ಗೆರೆಯ) ಉದ್ದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ, ಅಡ್ಡಕ್ಕೆ ಜಾಸ್ತಿ. ಕುಗ್ಗೋಕೆ ಬಿಡದಿದ್ದರೆ ಸೀಳುತ್ತೆ, ಅಷ್ಟೇ.

ನಿನ್ನದರಲ್ಲಿ ಪಕ್ಕದ ಹಲಗೆಗಳಿಗೆ ಗ್ರೂವ್, ಅಂದರೆ ಉದ್ದಕ್ಕೆ ಸಣ್ಣ ಕಾಲುವೆ, ಹೊಡೆದು ತಳವನ್ನು ಸುಮ್ನೆ ಕೂರಿಸಿದ್ದೇನೆ. ನಾಲ್ಕು ಇಂಚಿನ ಅಗಲಕ್ಕೆ ಎರಡು ಮಿಲಿಮೀಟರ್ ಜಾಗ. ಕೊಪ್ಪಳದ ಮೇ ತಿಂಗಳ ಬಿಸಿಲಲ್ಲಿ ಮಾಡಿದ್ದಲ್ವಾ, ಹಲಗೆ ಈಗ ಒಣಕಲು. ನಿಮ್ಮ ಮಂಗಳೂರಿಗೆ ಮಳೆ ಬರಲಿ, ತಾನೇ ಬಿಗಿಯಾಗುತ್ತೆ.

ಮರ ಯಾವುದು ಅಂತ ಕೇಳಿದ್ದೆ. ಪಕ್ಕಗಳು ಸಾಗುವಾನಿ, ಬಾಗಿಲ ಚೌಕಟ್ಟು ಕೊಯ್ದಾಗ ಉಳಿದ ತುಂಡು. ಮುಚ್ಚಳದ ಕಪ್ಪು ಪಟ್ಟಿ ಬೀಟೆ. ಬೀಟೆ ಉಜ್ಜಿದ ದಿನ ರಾತ್ರಿಯೆಲ್ಲ ಸೀನಿದೆ, ಅದರ ಧೂಳು ಮೂಗಿಗೆ ಆಗಲ್ಲ, ಇನ್ನು ಮಾಸ್ಕ್ ಇಲ್ಲದೆ ಮುಟ್ಟಲ್ಲ.

ಮೂಲೆಗಳೇ ನನ್ನನ್ನ ಸತಾಯಿಸಿದ್ದು. ನಾಲ್ಕು ಮೂಲೆಗೆ ಎಂಟು ಕೊಯ್ತ, ಒಂದೊಂದೂ 45 ಡಿಗ್ರಿ. ಪ್ರತಿಯೊಂದರಲ್ಲೂ ಅರ್ಧ ಡಿಗ್ರಿ ತಪ್ಪಿದರೆ ಒಟ್ಟು ನಾಲ್ಕು ಡಿಗ್ರಿ, ಕೊನೇ ಮೂಲೆ ಬಾಯಿ ಬಿಟ್ಟುಕೊಂಡು ಕೂರುತ್ತೆ. ಕಿನ್ನಾಳದ ಬೊಂಬೆ ಮಾಡುವವರನ್ನ ಕಂಡರೆ ಹೊಟ್ಟೆಕಿಚ್ಚು ನನಗೆ. ಅವರದು ಹಗುರ ಮರ, ಹುಣಸೆ ಬೀಜದ ಅಂಟಿಗೆ ಗೋಣಿನಾರು, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತಿ ಬಣ್ಣ ಬಳಿದರೆ ಸಂದು ಎಲ್ಲಿತ್ತೋ! (ಅವರ ಕೈಚಳಕ ನನಗಿಲ್ಲ, ಅದು ಬೇರೆ ಮಾತು.) ಬಣ್ಣವಿಲ್ಲದ ಸಾಗುವಾನಿಯಲ್ಲಿ ಕೂದಲೆಳೆಯಷ್ಟು ಸಂದೂ ಎದ್ದು ಕಾಣುತ್ತೆ. ನಾಲ್ಕು ತುಂಡನ್ನೂ ಒಂದೇ ಹಲಗೆಯಿಂದ ಸಾಲಾಗಿ ಕೊಯ್ದು, ಸಾಲಾಗೇ ಮಲಗಿಸಿ, ಹೊರಮೈಗೆ ಟೇಪ್ ಅಂಟಿಸಿ, ತಿರುವಿ, ಅಂಟು ಹಚ್ಚಿ ರೊಟ್ಟಿ ಸುತ್ತಿದ ಹಾಗೆ ಮಡಚಿದೆ. ಎಳೆ ಮೂರು ಮೂಲೆ ತಿರುಗಿ ಹೋಗುತ್ತೆ. ನಾಲ್ಕನೇದರಲ್ಲಿ ಮಾತ್ರ ಕೂಡಲ್ಲ, ಬೆರಳಾಡಿಸಿ ಹುಡುಕು.

ಮುಚ್ಚಳ ಬೇರೆ ಮಾಡಿದ್ದಲ್ಲ. ಆರೂ ಕಡೆ ಮುಚ್ಚಿದ ಪೆಟ್ಟಿಗೆ ಮಾಡಿ, ಆಮೇಲೆ ಮೇಲಿನ ಒಂದಿಂಚು ಗರಗಸದಲ್ಲಿ ಕೊಯ್ದದ್ದು, ಅದಕ್ಕೇ ಎಳೆ ಕೂಡುತ್ತೆ. ವಾರವಿಡೀ ಉಜ್ಜಿದ್ದನ್ನ ಎರಡು ಹೋಳು ಮಾಡುವಾಗ ಕೈ ನಡುಗಿತ್ತು ಕಣೇ.

ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಒರೆಸು, ತೆಳ್ಳಗೆ. ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡ, ಆ ಎಣ್ಣೆ ಒಣಗುವಾಗ ತಾನೇ ಕಾವು ಏರಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕು.

ಇನ್ನೊಂದು ಡಬ್ಬಿ ಶುರುವಾಗಿದೆ, ಬೇವಿನದು. ಅವ್ವನಿಗೆ ಹೇಳಬೇಡ, ಆ ತುಂಡು ಅವಳ ನೀರೊಲೆ ಮುಂದಿಂದ ಎತ್ತಿಕೊಂಡು ಬಂದಿದ್ದು.

ಅಪ್ಪ