ಅಲೆಕ್ಸಾಂಡರ್ ಆದ ಮಗಳಿಗೆ

ಪ್ರೀತಿಯ ಮಗಳೇ,

ಇಬ್ಬರು ಗೆಳತಿಯರ ಜೊತೆ ವ್ಯವಹಾರ ಶುರುಮಾಡಲು ಕೆಲಸಕ್ಕೆ ರಾಜೀನಾಮೆ ಕೊಟ್ಟಾಯಿತು ಎಂದು ನೀನು ಹೇಳಿದ ಮೇಲೆ ಫೋನಿನಲ್ಲಿ ಏನೇನು ಮಾತಾಯಿತೋ ಅದನ್ನೆಲ್ಲ ಮತ್ತೆ ಕೆದಕುವುದಿಲ್ಲ. ಆದರೆ ಕೊನೆಗೆ ನೀನು ಆಡಿದ ಮಾತೊಂದು ಮುಳ್ಳಿನಂತೆ ಚುಚ್ಚುತ್ತಲೇ ಇದೆ: "ಆ ಕ್ವಿಜ್‌ಗೂ ಗೊತ್ತಾಯಿತಲ್ಲ ಅಮ್ಮಾ, ನೀನು ಫೇಬಿಯಸ್ ಎಂದು." ನೀವು ಯಾವ ಹಳೆಯ ಸೇನಾನಿಯಂತೆ ಎಂದು ಹೇಳುವ ಆ ಕ್ವಿಜ್‌ನ ಪ್ರಕಾರ ನೀನು ಅಲೆಕ್ಸಾಂಡರ್, ಮುನ್ನುಗ್ಗುವವಳು. ನಾನು ರೋಮಿನ ದಂಡನಾಯಕ ಫೇಬಿಯಸ್, ಕಾಯುತ್ತ ಕೂರುವವಳು.

ಕ್ವಿಜ್‌ನ ಹಣೆಬರಹ ಕೇಳು. ನೀನು ಫೋನಿಟ್ಟ ಮೇಲೆ ಒಂದೇ ಒಂದು ಉತ್ತರ ಬದಲಿಸಿ ನೋಡಿದೆ. ಹ್ಯಾನಿಬಲ್ ಆಗಿಬಿಟ್ಟೆ! ಯಾರನ್ನು ಸತಾಯಿಸಿ ಫೇಬಿಯಸ್ ಹೆಸರಾದನೋ, ರೋಮಿನ ಶತ್ರುವಾದ ಕಾರ್ತೇಜಿನ ಆ ಸೇನಾನಿಯೇ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಮನೋವಿಜ್ಞಾನಿ ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ಎಲ್ಲರಿಗೂ ಒಂದೇ ವ್ಯಕ್ತಿತ್ವ ವಿವರಣೆ ಹಂಚಿದ. ಇದು ನನ್ನದೇ ಎಂದು ಒಬ್ಬೊಬ್ಬರೂ ನಂಬಿ, 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಹಾಗಾಗಿ ನಿನ್ನ ಅಲೆಕ್ಸಾಂಡರ್ ಪಟ್ಟವನ್ನೂ ಅಷ್ಟರಲ್ಲೇ ಇಟ್ಟುಕೋ.

ಆದರೂ ಫೇಬಿಯಸ್‌ನನ್ನು ತಲೆಯಿಂದ ತೆಗೆದುಹಾಕಲು ಆಗಲಿಲ್ಲ. ಕುಳಿತು ಓದಿದೆ. ಕ್ರಿ.ಪೂ. 217ರಲ್ಲಿ ಟ್ರಾಸಿಮೀನ್ ಸರೋವರದ ದಡದಲ್ಲಿ ರೋಮನ್ ಸೇನೆ ನುಚ್ಚುನೂರಾದಾಗ ಅವನನ್ನು ಸರ್ವಾಧಿಕಾರಿಯಾಗಿ ಮಾಡಿದರು. ಅವನು ಹ್ಯಾನಿಬಲ್‌ಗೆ ಎದುರು ನಿಲ್ಲಲೇ ಇಲ್ಲ. ಬೆಟ್ಟದ ಅಂಚಿನಲ್ಲೇ ಹಿಂಬಾಲಿಸುತ್ತ, ಮೇವು ಕಾಳು ತರಲು ಹೊರಟ ಶತ್ರುವಿನ ತುಕಡಿಗಳನ್ನು ಹಿಡಿದು ಹೊಡೆಯುತ್ತ ದಿನ ದೂಡಿದ. ಅವನನ್ನು ಹೇಡಿ ಎಂದು ಬೈದರು. ಮರುವರ್ಷ ಕಾಯುವ ಸಹನೆಯಿಲ್ಲದ ದಂಡನಾಯಕರು ಕ್ಯಾನೆಯ ಬಯಲಿಗೆ ಇಳಿದರು. ಒಂದೇ ದಿನದಲ್ಲಿ ಹತ್ತಾರು ಸಾವಿರ ರೋಮನ್ನರು ಸತ್ತರು. ನೋಡಿದೆಯಾ ಎಂದು ಇಲ್ಲಿಗೇ ನಿಲ್ಲಿಸಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು!

ಮುಂದೆ ಅವನ ಮಗ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿ ಆದ, ಕ್ರಿ.ಪೂ. 213ರಲ್ಲಿ. ಅಪ್ಪ ಕುದುರೆಯ ಮೇಲೆ ಕುಳಿತೇ ಮಗನನ್ನು ಕಾಣಲು ಬಂದ. ಅಂಗರಕ್ಷಕರು ಸುಮ್ಮನಿದ್ದರು, ಮುದುಕನಿಗೆ ಯಾರು ಹೇಳಬೇಕು? ಮಗ ಮಾತ್ರ ಇಳಿಸಿ ಎಂದು ಆಜ್ಞೆ ಮಾಡಿದ. ಅಪ್ಪ ಇಳಿದ. ನೀನು ಕಾನ್ಸಲ್ ಎಂಬುದು ನಿನಗೆ ನೆನಪಿದೆಯೋ ಇಲ್ಲವೋ ನೋಡಲು ಹೀಗೆ ಬಂದೆ ಎಂದ. ಅದನ್ನು ಎಷ್ಟು ಸಲ ಓದಿದೆನೋ. ಅವನು ಮೊದಲೇ ಹಾಗೆ ಪರೀಕ್ಷಿಸಲು ಹೊರಟಿದ್ದನೋ, ಇಳಿದ ಮೇಲೆ ಮಾನ ಉಳಿಸಿಕೊಳ್ಳಲು ಹೇಳಿದನೋ? ನನ್ನ ಅನುಮಾನ ಎರಡನೆಯದೇ. ತಾನು ಎತ್ತಿ ಆಡಿಸಿದ ಕೂಸು ಎಲ್ಲರೆದುರು ಕೆಳಗಿಳಿ ಎಂದಾಗ ಯಾವ ತಂದೆಗೂ ಮೊದಲು ಬರುವುದು ಸಿಟ್ಟು, ಹೆಮ್ಮೆ ಆಮೇಲೆ. ಆ ಮಗ ತಂದೆಗಿಂತ ಮೊದಲೇ ತೀರಿಕೊಂಡ. ಅಂತ್ಯಕ್ರಿಯೆಯ ಭಾಷಣವನ್ನು ಫೇಬಿಯಸ್ ತಾನೇ ಮಾಡಿದ. ಅಷ್ಟು ಓದಿದವಳು ಎದ್ದುಹೋದೆ. ನಿನ್ನ ವಿಷಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಗೊತ್ತು.

ಇನ್ನೊಂದು ಸಂಗತಿ ಕ್ವಿಜ್‌ನ ಫಲಿತಾಂಶದಲ್ಲಿ ಇರಲಿಲ್ಲ. ಕ್ರಿ.ಪೂ. 205ರಲ್ಲಿ ರೋಮಿನ ಯುವ ಸೇನಾನಿ ಸಿಪಿಯೊ, ಕಾರ್ತೇಜ್ ಇದ್ದ ಆಫ್ರಿಕಾಕ್ಕೇ ನುಗ್ಗುತ್ತೇನೆ ಎಂದಾಗ ಬಲವಾಗಿ ಅಡ್ಡ ನಿಂತವನು ಇದೇ ಫೇಬಿಯಸ್. ಎಚ್ಚರಿಕೆಯಿಂದ ಶುರುವಾದ ವಿರೋಧ ಬರಬರುತ್ತ ಹಟವಾಯಿತು ಎಂದು ಹಳೆಯ ಗ್ರೀಕ್ ಚರಿತ್ರಕಾರ ಪ್ಲುಟಾರ್ಕ್ ಬರೆಯುತ್ತಾನೆ. ಸಿಪಿಯೊ ಹೋದ, ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ಹ್ಯಾನಿಬಲ್‌ನನ್ನು ಸೋಲಿಸಿದ. ಫೇಬಿಯಸ್ ಅದರ ಹಿಂದಿನ ವರ್ಷವೇ ಸತ್ತಿದ್ದ. ಒಮ್ಮೆ ಕಾದು ಊರು ಉಳಿಸಿದವನಿಗೆ ಕಾಯುವುದೊಂದೇ ಬುದ್ಧಿವಂತಿಕೆಯಾಗಿ ಕಂಡಿತ್ತು. "ಇನ್ನೊಂದು ವರ್ಷ ತಡೆ" ಎಂದು ನಾನು ನಿನಗೆ ಹೇಳಿದ್ದು ಎಚ್ಚರಿಕೆಯೋ ಹಟವೋ, ನನಗೇ ಬಗೆಹರಿದಿಲ್ಲ. ದನಿ ಏರಿಸಿದ್ದಕ್ಕೆ ಮಾತ್ರ ಕ್ಷಮಿಸು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ.

ಬುದ್ಧಿ ಹೇಳಬಾರದು ಎಂದುಕೊಂಡೇ ಬರೆಯಲು ಕುಳಿತೆ. ಆದರೆ ನಿನ್ನ ಅಲೆಕ್ಸಾಂಡರ್ ಕಥೆಯನ್ನು ನೀನೂ ಪೂರ್ತಿ ಓದು. ಕ್ರಿ.ಪೂ. 334ರಲ್ಲಿ ಗ್ರಾನಿಕಸ್ ನದಿಯ ಬಳಿ ಅವನ ತಲೆ ಉಳಿಸಿದವನು ಅವನ ಸೇನಾಧಿಕಾರಿ ಕ್ಲೈಟಸ್. ಆರು ವರ್ಷದ ಮೇಲೆ ಕುಡಿದ ಅಮಲಿನಲ್ಲಿ, ಎದುರು ಮಾತಾಡಿದ ಎಂದು, ಅದೇ ಕ್ಲೈಟಸ್‌ನನ್ನು ಈಟಿಯಿಂದ ತಿವಿದು ಕೊಂದ. ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ಹತ್ತಿರ ಸೈನಿಕರು ಇನ್ನು ಮುಂದೆ ಬರುವುದಿಲ್ಲ ಎಂದಾಗ, ಅದನ್ನು ಅವನೆದುರು ಎದ್ದುನಿಂತು ಹೇಳಿದವನು ಅವನದೇ ದಂಡನಾಯಕ ಕೋಯನಸ್. ಅಲೆಕ್ಸಾಂಡರ್ ಡೇರೆಯೊಳಗೆ ಮುನಿಸಿಕೊಂಡು ಕುಳಿತ, ಕೊನೆಗೆ ತಿರುಗಿದ. ನಿಮ್ಮ ಮೂವರಲ್ಲಿ ಆ ಮಾತು ಹೇಳುವವರು ಯಾರು? ನಿನಗೆ ಸಿಟ್ಟು ಬಂದಾಗ ನಿನ್ನ ಗೆಳತಿಯರು ಸುಮ್ಮನಾಗುತ್ತಾರೆ, ನಾನು ಕಂಡಿದ್ದೇನೆ. ಸುಮ್ಮನಾಗುವವರನ್ನು ಕಟ್ಟಿಕೊಂಡು ವ್ಯವಹಾರ ಮಾಡಬೇಡ. ಅವರು ಬೇಡ ಎಂದರೆ ಬಾಗಿಲು ಹಾಕಿಕೊಂಡು ಕೂರಬೇಡ, ಆ ಗುಣ ಯಾರಿಂದ ಬಂತೆಂದು ನಾನು ಕೇಳುವುದಿಲ್ಲ.

ನೀನು ಕುದುರೆಯಿಂದ ಇಳಿ ಎಂದರೆ ಇಳಿಯುತ್ತೇನೆ. ಸ್ವಲ್ಪ ಗೊಣಗುತ್ತೇನೆ, ಅಷ್ಟೇ.

ಪಾಲುದಾರಿಕೆಯ ಕರಾರು ಬರವಣಿಗೆಯಲ್ಲಿ ಆಗಿದೆಯೇ? ಒಬ್ಬರು ಬಿಟ್ಟು ಹೊರಟರೆ ಅವರ ಪಾಲು ಏನಾಗುತ್ತದೆ ಎಂಬುದು ಅದರಲ್ಲಿ ಇದೆಯೇ? ಬ್ಯಾಂಕ್ ಖಾತೆಗೆ ಯಾರ ಯಾರ ಸಹಿ? ಈ ಮೂರಕ್ಕೂ ಉತ್ತರ ಬರೆ. ಫೋನ್ ಬೇಡ, ಫೋನಿನಲ್ಲಿ ನಾವಿಬ್ಬರೂ ಜಗಳವಾಡುತ್ತೇವೆ.

ನಿನ್ನ
ಅಮ್ಮ