ಕಿನ್ಶಾಸಾದಿಂದ ಅಮ್ಮನಿಗೆ, ಅಪ್ಪಾಜಿಗೆ

ಕಿನ್ಶಾಸಾ, 14 ಡಿಸೆಂಬರ್ 2025

ಅಮ್ಮಾ, ಅಪ್ಪಾಜಿ,

ನಾನು ಆರಾಮಾಗಿದ್ದೇನೆ. ಟಿವಿಯಲ್ಲಿ ಕಾಂಗೋ ಅಂತ ಬಂದ ತಕ್ಷಣ ಗಾಬರಿಯಾಗಬೇಡ ಅಮ್ಮಾ. ಅವರು ತೋರಿಸುವ, ದೇಶದ ಪೂರ್ವದ ಗಡಿಯಲ್ಲಿರುವ ಗೋಮಾಗೂ ನಾನಿರುವ ಈ ರಾಜಧಾನಿಗೂ ಹೆಚ್ಚುಕಮ್ಮಿ ದಾವಣಗೆರೆಯಿಂದ ದೆಹಲಿಯಷ್ಟು ದೂರ, ನಡುವೆ ಕಾಡು ಜಾಸ್ತಿ, ನೆಟ್ಟಗೆ ಒಂದು ರಸ್ತೆಯೂ ಇಲ್ಲ.

ಹಾಗಂತ ಏನೂ ಆಗಿಲ್ಲ ಅಂತ ಸುಳ್ಳು ಹೇಳಲ್ಲ. ಜನವರಿ ಕೊನೆಯಲ್ಲಿ ಎಂ23 ಬಂಡುಕೋರರು ಗೋಮಾ ಹಿಡಿದರಲ್ಲ, ಅದರ ಸಿಟ್ಟು 28ಕ್ಕೆ ಇಲ್ಲಿನ ಬೀದಿಗೆ ಬಂತು. ರುವಾಂಡ ಅವರ ಬೆನ್ನಿಗಿದೆ, ದೊಡ್ಡ ದೇಶಗಳು ಸುಮ್ನೆ ನೋಡುತ್ತಿವೆ ಅಂತ ಜನ ರುವಾಂಡ, ಫ್ರಾನ್ಸ್, ಬೆಲ್ಜಿಯಂ, ಅಮೆರಿಕದ ರಾಯಭಾರ ಕಚೇರಿಗಳಿಗೆ ನುಗ್ಗಿದರು. ನಾವು ಔಷಧಿ ಗೋದಾಮಿನ ಶಟರ್ ಎಳೆದು ಒಳಗೇ ಕೂತೆವು. ಟೈರ್ ಸುಟ್ಟ ಹೊಗೆ ಶಟರಿನ ಅಡಿಯಿಂದ ನುಗ್ಗುತ್ತಿತ್ತು, ಗೋಣಿಚೀಲ ನೆನೆಸಿ ಅಲ್ಲಿ ಒತ್ತಿಟ್ಟೆವು. ಫೆಬ್ರವರಿಯಲ್ಲಿ ಪೂರ್ವದ ಇನ್ನೊಂದು ಊರು ಬುಕಾವೂ ಕೂಡ ಅವರ ಕೈಗೆ ಹೋಯಿತು.

ಆದರೆ ಈ ಊರನ್ನು ಜಾಸ್ತಿ ಕಾಡಿದ್ದು ಗುಂಡಲ್ಲ, ನೀರು. ಏಪ್ರಿಲ್‌ನಲ್ಲಿ ಎನ್‌ಜಿಲಿ ನದಿ ಉಕ್ಕಿ 30ಕ್ಕೂ ಹೆಚ್ಚು ಜನ ಸತ್ತರು, ನೀರು ಶುದ್ಧ ಮಾಡುವ ಕಡೆಯೇ ಮುಳುಗಿ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನಿಂತುಹೋಯಿತು. ಕಾಂಗೋದಂಥ ನದಿ ಪಕ್ಕದಲ್ಲೇ ಹರಿಯುತ್ತೆ, ಕುಡಿಯೋಕೆ ಮಾತ್ರ ಹಳದಿ ಕ್ಯಾನ್ ಹಿಡಿದು ಅಲೆಯಬೇಕು! ಅದರ ಹಿಂದೆಯೇ ಕಾಲರಾ. ಓಆರ್‌ಎಸ್ ಪೊಟ್ಟಣದ ಡಬ್ಬಿಗಳು ಲಾರಿಯಿಂದ ಇಳಿದ ದಿನವೇ ಖಾಲಿ.

ಅಪ್ಪಾಜಿ, ನೀವು ಕೇಳಿದ ಎಬೋಲಾ ಇಲ್ಲಿಗೆ ಬರಲಿಲ್ಲ. ಅದು ಕಸಾಯಿ ಪ್ರಾಂತ್ಯದ ಬುಲಾಪೆ ಕಡೆ, ಸೆಪ್ಟೆಂಬರ್ 4ಕ್ಕೆ ಘೋಷಣೆಯಾಯಿತು. ಮೊದಲು ಗೊತ್ತಾದದ್ದು ಆಸ್ಪತ್ರೆಗೆ ಬಂದ ಗರ್ಭಿಣಿಯೊಬ್ಬಳಲ್ಲಿ. ಆರೈಕೆ ಮಾಡಿದವರಿಗೂ ತಗುಲಿತು. ಒಟ್ಟು 64 ಜನಕ್ಕೆ ಬಂದು 45 ಜನ ತೀರಿಕೊಂಡರು. ಆದರೂ ಡಿಸೆಂಬರ್ 1ಕ್ಕೆ ಮುಗಿಯಿತು ಅಂತ ಸಾರಿದರು. ಈ ದೇಶಕ್ಕೆ ಇದು 16ನೇ ಸಲ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಲಸಿಕೆ ಹಾಕೋದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಥ ಸುದ್ದಿ ನಿಮ್ಮ ಟಿವಿಯಲ್ಲಿ ಬರಲ್ಲ, ಅಲ್ವಾ?

ರಾಜಕೀಯ ಬಿಡಿ. ಮಾಜಿ ಅಧ್ಯಕ್ಷ ಕಬೀಲಾಗೆ ಸೆಪ್ಟೆಂಬರ್‌ನಲ್ಲಿ ಸೇನಾ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಮನುಷ್ಯ ಕೋರ್ಟಿನಲ್ಲೇ ಇಲ್ಲ! ಡಿಸೆಂಬರ್ 4ಕ್ಕೆ ಇಲ್ಲಿನ ಅಧ್ಯಕ್ಷ ಚಿಸೆಕೆಡಿ, ರುವಾಂಡದ ಅಧ್ಯಕ್ಷ ಕಗಾಮೆ ಇಬ್ಬರೂ ವಾಷಿಂಗ್ಟನ್‌ನಲ್ಲಿ ಟ್ರಂಪ್ ಎದುರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ವಾರ ಕಳೆಯೋದರೊಳಗೆ ಎಂ23 ಪೂರ್ವದ ಉವಿರಾ ಪಟ್ಟಣಕ್ಕೆ ನುಗ್ಗಿತು. ನಮ್ಮ ಗೋದಾಮಿನ ಕಾವಲುಗಾರನ ಅಕ್ಕ ಅಲ್ಲೇ ಇದ್ದಾಳೆ, ನಾಲ್ಕು ದಿನದಿಂದ ಫೋನ್ ಸಿಕ್ಕಿಲ್ಲ. ಅವನು ಊಟಕ್ಕೂ ಏಳದೆ ಮೊಬೈಲ್ ಒತ್ತುತ್ತಾ ಕೂತಿರುತ್ತಾನೆ.

ಮಾರ್ಚ್‌ನಲ್ಲಿ ರಜೆ ಕೇಳಿದ್ದೇನೆ. ಹಳದಿ ಜ್ವರದ ಲಸಿಕೆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಟ್ಟಿದ್ದೇನೆ. ಅದಿಲ್ಲದಿದ್ದರೆ ಏರ್‌ಪೋರ್ಟಿನಿಂದ ಸೀದಾ ಕ್ವಾರಂಟೈನ್‌ಗೆ ಕಳಿಸುತ್ತಾರೆ.

ನಿಮ್ಮ ಮಗ